ಟ್ಯಾಂಕಿನೊಳಗಿನ ಟ್ಯಾಂಕು

ಬೆಂಗಳೂರಲ್ಲಿ ‘ಟ್ಯಾಂಕ್’ ಅಂದ್ರೆ ಮೂರು ಅರ್ಥ. ಒಂದು, ಮನೆ ಮೇಲೆ ಕೂತಿರೋ ಕಪ್ಪು ಪ್ಲಾಸ್ಟಿಕ್ಕಿಂದು. ಎರಡನೇದು ಬ್ರಿಟಿಷರು ಕೆರೆಗೆ ಇಟ್ಟ ಹೆಸರು, ಸ್ಯಾಂಕಿ ಟ್ಯಾಂಕ್ ಅಂತೀವಲ್ಲ, ಅದು. ಮೂರನೇದು ಯುದ್ಧದ್ದು. ಈ ಮೂರನೇದಕ್ಕೂ ನೀರಿಗೂ ಸಂಬಂಧ ಇದೆ. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ಆ ಕಬ್ಬಿಣದ ಗಾಡಿಯನ್ನ ಗುಟ್ಟಾಗಿ ತಯಾರಿಸುತ್ತಿದ್ದಾಗ, ಕೇಳಿದವರಿಗೆ ನೀರಿನ ತೊಟ್ಟಿ ಅನ್ನಿಸಲಿ ಅಂತ ‘ಟ್ಯಾಂಕ್’ ಅಂತ ಕರೆದರು. 1916ರಲ್ಲಿ ಅದು ಯುದ್ಧಭೂಮಿಗೆ ಇಳೀತು, ಹೆಸರು ಮಾತ್ರ ಹಾಗೇ ಉಳೀತು.

ಹಾಗಾಗಿ, ಕೆರೆಯೊಳಗಿಂದ ಟ್ಯಾಂಕ್ ಎತ್ತೋ ವಿಡಿಯೋ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಬಂದಾಗ ‘ಟ್ಯಾಂಕಿನೊಳಗಿಂದ ಟ್ಯಾಂಕ್ ತೆಗೆದ್ರು’ ಅಂತ ಯಾರೋ ಬರೆದಿದ್ದು ಬರೀ ತಮಾಷೆ ಅಲ್ಲ. ಜಾಗ ಎಸ್ಟೋನಿಯಾ ದೇಶದ ಕುರ್ತ್ನಾ. ದಿನಾಂಕ 14 ಸೆಪ್ಟೆಂಬರ್ 2000. ದೊಡ್ಡ ಕೊಮಾಟ್ಸು ಬುಲ್ಡೋಜರ್ ಒಂದು ದಪ್ಪನೆಯ ಉಕ್ಕಿನ ಹಗ್ಗ ಕಟ್ಟಿಕೊಂಡು ಇಂಚಿಂಚೇ ಎಳೆಯುತ್ತೆ. ದಡಕ್ಕೆ ಬಂದದ್ದು ರಷ್ಯಾದ ಟಿ-34. ಆದರೆ ಮೈಮೇಲೆ ಜರ್ಮನ್ನರ ಶಿಲುಬೆ ಗುರುತು. ರಷ್ಯನ್ನರಿಂದ ಕಿತ್ತುಕೊಂಡು ಜರ್ಮನ್ನರು ಓಡಿಸುತ್ತಿದ್ದ ಗಾಡಿ ಅದು. 1944ರಲ್ಲಿ ಹಿಂದೆ ಸರಿಯುವಾಗ ಕೆರೆಗೆ ತಳ್ಳಿ ಹೋಗಿದ್ದರು. ಐವತ್ತಾರು ವರ್ಷ ನೀರೊಳಗಿದ್ದರೂ ಬಣ್ಣ ಕೂಡ ಗುರುತು ಸಿಗುವ ಹಾಗಿತ್ತು. ಒಳಗೆ ಗುಂಡುಗಳೂ ಇದ್ದವು.

ನಾನು ಕೆಲಸ ಮಾಡೋದು ಪೀಣ್ಯದ ಒಂದು ಪ್ಲೇಟಿಂಗ್ ಯೂನಿಟ್ಟಿನಲ್ಲಿ, ಕ್ವಾಲಿಟಿ ವಿಭಾಗ. ನನ್ನ ಹೊಟ್ಟೆಪಾಡೇ ತುಕ್ಕು. ಬೋಲ್ಟಿಗೆ ಸತು ಬಳಿದು, ಸಾಲ್ಟ್ ಸ್ಪ್ರೇ ಪೆಟ್ಟಿಗೆಯೊಳಗೆ ಇಟ್ಟು, ಮೂವತ್ತೈದು ಡಿಗ್ರಿಯಲ್ಲಿ ಉಪ್ಪುನೀರಿನ ಮಂಜು ಹಾಯಿಸಿ, ಎಷ್ಟು ಗಂಟೆಗೆ ಕೆಂಪು ಕಾಣಿಸಿಕೊಳ್ಳುತ್ತೆ ಅಂತ ಕಾಯೋದು. ಹಾಗಾಗಿ ಎಲ್ಲರೂ ಬುಲ್ಡೋಜರ್ ನೋಡುತ್ತಿದ್ದರೆ ನಾನು ಟ್ಯಾಂಕಿನ ಮೈ ನೋಡುತ್ತಿದ್ದೆ. ತುಕ್ಕು ಹಿಡಿಯೋಕೆ ನೀರೊಂದೇ ಸಾಲದು, ಆಮ್ಲಜನಕವೂ ಬೇಕು. ಆ ಕೆರೆಯ ತಳದಲ್ಲಿ ಆಳವಾದ ಕೆಸರು. ಕೆಸರಿನೊಳಗೆ ಗಾಳಿ ಇಲ್ಲ. ಗಾಳಿ ಇಲ್ಲದ ಕಡೆ ಕಬ್ಬಿಣ ಕೊಳೆಯೋದು ತುಂಬಾ ನಿಧಾನ. ನಾವು ಸತು ಬಳಿದು ಮಾಡೋ ಕೆಲಸವನ್ನ ಅಲ್ಲಿ ಬರೀ ಕೆಸರು ಮಾಡಿತ್ತು.

‘ನಿಮ್ಮ ಚಿಕ್ಕಬಾಣಾವರ ಕೆರೆ ತೋಡಿದ್ರೆ ಏನು ಸಿಗಬಹುದು ಗುರು?’ ಅಂತ ಪಕ್ಕದವನು ಕೇಳಿದ. ‘ಎರಡು ಲೋಡ್ ಬಾಟ್ಲಿ, ಹತ್ತು ವರ್ಷದ ಗಣಪತಿ’ ಅಂದೆ. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ತಲೆಯಲ್ಲಿ ಕೂತುಬಿಡ್ತು. ನಮ್ಮ ಕಡೆ ಹಾಗೆ ಏನಾದ್ರೂ ಎದ್ದು ಬಂದಿದೆಯಾ?

ಬಂದಿದೆ. ಕೆರೆಯಿಂದಲ್ಲ, ಬಾವಿಯಿಂದ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರು. ಹಿಂದೆ ಅದು ಬಿದನೂರು, ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಅಂತ ಹೆಸರಿಟ್ಟ. 1783ರಲ್ಲಿ ಇಂಗ್ಲಿಷರು ಅದನ್ನ ವಶ ಮಾಡಿಕೊಂಡರು, ಅದೇ ವರ್ಷ ಟಿಪ್ಪು ವಾಪಸ್ ಕಿತ್ತುಕೊಂಡ. ಇಂಥ ಊರಿನ ಒಂದು ಬಾವಿಯಲ್ಲಿ 2002ರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಮೈಸೂರು ರಾಕೆಟ್ಟುಗಳು ಅಂತ ಗೊತ್ತಾಗೋಕೆ ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ರಾಜ್ಯದ ಪುರಾತತ್ವ ಇಲಾಖೆಯವರು ಹದಿನೈದು ಜನರ ತಂಡದೊಂದಿಗೆ ಮತ್ತೆ ಇಳಿದರು. ಅಲ್ಲಿನ ಮಣ್ಣಿಗೆ ಮದ್ದಿನ ವಾಸನೆ ಇತ್ತು, ಅದೇ ಸುಳಿವು. ಮೂರು ದಿನ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ರಾಶಿ ರಾಶಿಯಾಗಿ ಸಿಕ್ಕವು. ಉದ್ದ ಸುಮಾರು 23ರಿಂದ 26 ಸೆಂಟಿಮೀಟರ್. ಒಂದು ಸ್ಕೇಲಿಗಿಂತ ಚಿಕ್ಕದು.

ಚಿಕ್ಕದು ಅಂತ ತಾತ್ಸಾರ ಮಾಡಬೇಡಿ. ಬಿದಿರು, ಕಾಗದದ ಬಾಣಬಿರುಸು ಎಲ್ಲ ಕಡೆ ಇತ್ತು. ಮೈಸೂರಿನವರು ಮದ್ದನ್ನ ಕಬ್ಬಿಣದ ಕೊಳವೆಯೊಳಗೆ ಗಿಡಿದರು. ಕಬ್ಬಿಣ ಒಡೆಯದೆ ಹೆಚ್ಚು ಒತ್ತಡ ತಡೆಯುತ್ತೆ, ಆದ್ದರಿಂದ ಬಾಣ ದೂರ ಹೋಗುತ್ತೆ. ದಿಕ್ಕು ತಪ್ಪದಿರಲಿ ಅಂತ ಉದ್ದನೆಯ ಬಿದಿರಿನ ಕೋಲು ಕಟ್ಟುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಕೆಲವನ್ನ ತಮ್ಮೂರಿಗೆ ಹೊತ್ತೊಯ್ದರು. ಅವನ್ನ ನೋಡಿ ಕಲಿತೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು. ನಮ್ಮ ಸಿಟಿ ಮಾರ್ಕೆಟ್ ಹತ್ತಿರದ ತಾರಾಮಂಡಲ ಪೇಟೆಗೆ ಆ ಹೆಸರು ಬಂದದ್ದೂ ಈ ಬಾಣಗಳಿಂದಲೇ ಅಂತಾರೆ. ಅಂದ್ರೆ ಪೀಣ್ಯಕ್ಕಿಂತ ಮುಂಚೆ ಬೆಂಗಳೂರಿನ ಕಬ್ಬಿಣದ ಕೆಲಸ ಅಲ್ಲಿ ನಡೀತಿತ್ತು.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕುರ್ತ್ನಾದ ಟ್ಯಾಂಕ್ ಸಿಕ್ಕಿದ್ದು ಯಂತ್ರದಿಂದಲ್ಲ. ಅಲ್ಲಿನ ಒಬ್ಬ ಹುಡುಗ ಆಗ ನೋಡಿದ್ದನಂತೆ: ಚಕ್ರಪಟ್ಟಿಯ ಗುರುತು ಕೆರೆಯೊಳಗೆ ಹೋಗಿತ್ತು, ಹೊರಗೆ ಬಂದಿರಲಿಲ್ಲ. ಆಮೇಲೂ ಎಷ್ಟೋ ದಿನ ನೀರಿನ ಮೇಲೆ ಗುಳ್ಳೆ ಏಳುತ್ತಿತ್ತು. ಅವನು ಮರೆಯಲಿಲ್ಲ. ವಯಸ್ಸಾದ ಮೇಲೆ ಹೇಳಿದ, ಕೇಳೋರು ಸಿಕ್ಕರು, ಮುಳುಗುಗಾರರು ಇಳಿದರು. ನಗರದಲ್ಲಿ ಹೇಳೋಕೆ ಯಾರೂ ಉಳಿದಿರಲಿಲ್ಲ. ಮಣ್ಣಿನ ವಾಸನೆಯೇ ಸಾಕ್ಷಿ ಹೇಳಬೇಕಾಯಿತು. ಅದಕ್ಕೇ ಅಷ್ಟು ವರ್ಷ ಹಿಡೀತು.

ಇದನ್ನ ಯೋಚಿಸುವಾಗೆಲ್ಲ ನನಗೆ ನೆನಪಾಗೋದು ನಮ್ಮ ಓನರ್ ತಂದೆ. ಎಂಬತ್ತು ದಾಟಿದ ತಾತ. ಅವರಪ್ಪ ಕೆರೆಯ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ತೂಬು ಯಾವಾಗ ಎತ್ತಬೇಕು ಅನ್ನೋದು ಅವರ ಕೈಲಿತ್ತು. ಬೇಸಿಗೆಯಲ್ಲಿ ರೈತರು ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಹೂಳು ಹೊತ್ತೊಯ್ದು ಹೊಲಕ್ಕೆ ಹಾಕುತ್ತಿದ್ದರಂತೆ. ಈಗ ಏರಿ ಮೇಲೆ ನಿಂತರೆ ಕಪ್ಪು ಕೆಸರಿನ ವಾಸನೆ. ಚರಂಡಿ ನೀರು ಸೇರಿದ ಕೆರೆಗಳಲ್ಲೂ ತಳಕ್ಕೆ ಆಮ್ಲಜನಕ ಸಾಲದು. ಅಲ್ಲಿ ಟ್ಯಾಂಕನ್ನ ಕಾಪಾಡಿದ ಅದೇ ಕೊರತೆ ಇಲ್ಲಿ ಮೀನು ಸಾಯಿಸುತ್ತೆ.

ಹೋದ ವರ್ಷ ನಮ್ಮ ರಸ್ತೆಯವರೆಲ್ಲ ಸೇರಿ ರಸ್ತೆ ಎತ್ತರಿಸಬೇಕು ಅಂತ ಅರ್ಜಿ ಕೊಡೋ ಮಾತಾಡಿದ್ವಿ. ಜೋರು ಮಳೆ ಬಂದ್ರೆ ಮೊಣಕಾಲುದ್ದ ನೀರು, ಬೈಕ್ ಎಲ್ಲ ಕೆಟ್ಟು ನಿಲ್ಲುತ್ತೆ. ಮೂಲೆಯಲ್ಲಿ ಕೂತಿದ್ದ ತಾತ, ‘ಎತ್ತರಿಸಿದ್ರೆ ಕೆಳಗಿನ ಮನೆಗಳಿಗೆ ನುಗ್ತದೆ ಕಣ್ರಪ್ಪ. ಇದು ರಸ್ತೆ ಅಲ್ಲ, ಕಾಲುವೆ’ ಅಂದ್ರು. ಮೊಬೈಲಿನ ಮ್ಯಾಪಲ್ಲಿ ಯಾವ ಕಾಲುವೆಯೂ ಇರಲಿಲ್ಲ. ಮಾತು ಮುಂದೆ ಹೋಯ್ತು.

ಕೆಳಗಿನ ಮನೆಗಳು ಅಂದ್ರೆ ಗಾರ್ಮೆಂಟ್ಸಿಗೆ ಹೋಗೋ ಹೆಂಗಸರು ಬಾಡಿಗೆಗಿರೋ ಸಾಲು, ಶೀಟಿನ ಮನೆಗಳು. ಸಭೆಗೆ ಅವರ್ಯಾರೂ ಬಂದಿರಲಿಲ್ಲ. ನಾನು ಅವತ್ತು ರಾತ್ರಿ ತಾತನ ಹತ್ತಿರ ಹೋಗಿ, ‘ಎಲ್ಲಿತ್ತು ತಾತ ಕಾಲುವೆ, ತೋರಿಸ್ತೀರಾ?’ ಅಂತ ಕೇಳಿದೆ. ಭಾನುವಾರ ಬೆಳಿಗ್ಗೆ ಕೋಲು ಊರಿಕೊಂಡು ಬಂದ್ರು. ಹಾಲಿನ ಬೂತಿನ ಹಿಂದೆ ನಿಂತು, ‘ಇಲ್ಲಿ ಕಲ್ಲಿನ ಮೋರಿ ಇತ್ತು, ನಾವು ಏಡಿ ಹಿಡೀತಿದ್ವಿ’ ಅಂದ್ರು. ಅಲ್ಲಿ ಕಂಡದ್ದು ಕಸ, ಹುಲ್ಲು, ಅರ್ಧ ಚಪ್ಪಡಿ. ಇಬ್ಬರು ಹುಡುಗರನ್ನ ಕರೆದು ಗಡಾರಿ ಹಾಕಿ ಎತ್ತಿಸಿದ್ವಿ. ಕೆಳಗೆ ಕಟ್ಟಿದ ಕಲ್ಲು, ಒಳಗೆ ಗಟ್ಟಿಯಾದ ಹೂಳು, ಪ್ಲಾಸ್ಟಿಕ್ಕು. ಮೋರಿ ಇತ್ತು. ಬಾಯಿ ಮಾತ್ರ ಮುಚ್ಚಿತ್ತು.

ಆ ಚಪ್ಪಡಿ ಎತ್ತಿದ ಫೋಟೋ ನೋಡಿದ ಮೇಲೆ ಅರ್ಜಿ ಬದಲಾಯ್ತು. ರಸ್ತೆ ಎತ್ತರಿಸಿ ಅನ್ನೋ ಬದಲು ಮೋರಿ ಬಿಡಿಸಿಕೊಡಿ ಅಂತ ಬರೆದ್ವಿ. ಕಾಯುತ್ತಾ ಕೂರದೆ ಚಂದಾ ಎತ್ತಿ ಸಾಧ್ಯವಾದಷ್ಟು ದೂರ ನಾವೇ ಹೂಳು ತೆಗೆಸಿದ್ವಿ. ಈ ಸಲದ ಮಳೆಗೂ ನೀರು ನಿಂತಿತು. ಆದರೆ ಮೊದಲಿನ ಹಾಗೆ ಎರಡು ದಿನ ಅಲ್ಲ, ಬೆಳಗಾಗುವಷ್ಟರಲ್ಲಿ ಇಳೀತು. ಕೆಳಗಿನ ಸಾಲಿನ ಒಬ್ಬರು ಅಕ್ಕ ದಾರಿಯಲ್ಲಿ ಸಿಕ್ಕಿ, ‘ಈ ಸಲ ಅಕ್ಕಿ ಡಬ್ಬ ಮೇಲಿಡಲಿಲ್ಲ’ ಅಂದ್ರು.

ಕೆಲಸ ಇನ್ನೂ ಅರ್ಧ ಬಾಕಿ. ಮೋರಿ ಎಲ್ಲಿ ತಿರುಗುತ್ತೆ, ಕೆರೆಗೆ ಎಲ್ಲಿ ಸೇರುತ್ತೆ ಅನ್ನೋದು ತಾತನ ತಲೆಯಲ್ಲೇ ಇದೆ. ಅವರಿಗೆ ಇತ್ತೀಚೆಗೆ ಮರೆವು ಜಾಸ್ತಿ. ಕೆಲವು ದಿನ ನನ್ನನ್ನ ಮಗನ ಹೆಸರಿಂದ ಕರೀತಾರೆ, ಕೆಲವು ದಿನ ಹೆಸರೇ ಬರಲ್ಲ. ಆದರೆ ಕೋಡಿ ಎಲ್ಲಿ ಅಂದ್ರೆ ಕೈ ತಪ್ಪದೆ ಆ ದಿಕ್ಕಿಗೇ ಏಳುತ್ತೆ. ಹಾಗಾಗಿ ಈಗ ಪ್ರತಿ ಭಾನುವಾರ ಏಳು ಗಂಟೆಗೆ ನಾವಿಬ್ಬರು ಹೊರಡ್ತೀವಿ. ಅವರು ಕೋಲಿನಿಂದ ತೋರಿಸ್ತಾರೆ, ನಾನು ಮೊಬೈಲಲ್ಲಿ ಗುರುತು ಹಾಕ್ತೀನಿ, ಮಾತನ್ನ ರೆಕಾರ್ಡ್ ಮಾಡಿಕೊಳ್ತೀನಿ. ಇಲ್ಲಿವರೆಗೆ ಹನ್ನೊಂದು ಗುರುತು ಆಗಿದೆ. ಹನ್ನೆರಡನೇದು ರೈಲ್ವೆ ಹಳಿಯ ಕಡೆ ಅಂತೆ, ಬಿಸಿಲು ಏರೋಕೆ ಮುಂಚೆ ಹೋಗಬೇಕು ಅಂದಿದ್ದಾರೆ.