ಉತ್ತಮ ಪುರುಷ, ಬಹುವಚನ

ಶನಿವಾರ ರಾತ್ರಿ ಹತ್ತು ಗಂಟೆಗೆ ನಮ್ಮ ಮನೆಯಲ್ಲಿ ಯುದ್ಧ ಶುರುವಾಗುತ್ತದೆ. ನಾನು ಅಡುಗೆಮನೆಯಲ್ಲಿ ದೋಸೆಹಿಟ್ಟಿಗೆ ಉಪ್ಪು ಬೆರೆಸಿ ಮುಚ್ಚಿಡುವ ಹೊತ್ತಿಗೆ ಸರಿಯಾಗಿ ಚಿಕ್ಕವನ ಕೋಣೆಯಿಂದ, "ಎಡಗಡೆ ನೋಡು, ಎಡಗಡೆ! ಗುಂಡು ಖಾಲಿ! ಅಯ್ಯೋ, ಬಿದ್ದೆ!" ಎಂದು ಕೂಗು ಕೇಳುತ್ತದೆ. ಗೊತ್ತಿಲ್ಲದವರು ಕೇಳಿದರೆ ಪೊಲೀಸರಿಗೆ ಫೋನ್ ಮಾಡಿಯಾರು. ಪಕ್ಕದ ಮನೆಯವರಿಗೆ ಅಭ್ಯಾಸವಾಗಿಬಿಟ್ಟಿದೆ. ಭಾನುವಾರ ಬೆಳಗ್ಗೆ ರಂಗೋಲಿ ಹಾಕುವಾಗ, "ನಿಮ್ಮ ಹುಡುಗ ರಾತ್ರಿ ಬಿದ್ದನಲ್ಲ, ಎದ್ದನಾ ಮೇಡಂ?" ಎಂದು ಕೇಳಿ ನಗುತ್ತಾರೆ.

ಮೊದಲಾಗಿದ್ದರೆ ನಾನು ಬಾಗಿಲು ತಟ್ಟಿ, "ಇಪ್ಪತ್ತೇಳು ತುಂಬಿತು, ಇನ್ನೂ ಮಕ್ಕಳಾಟ" ಎಂದು ಒಂದು ಪಾಠ ಮಾಡಿಯೇ ಮಲಗುತ್ತಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಪಾಠ ಮಾಡದೆ ನಿದ್ದೆ ಬರುವುದು ಕಷ್ಟ. ಈಗ ಬಾಯಿ ಮುಚ್ಚಿಕೊಂಡಿದ್ದೇನೆ. ಅದಕ್ಕೆ ಕಾರಣ ಒಂದು ಶನಿವಾರ ಆ ಕೂಗಾಟದ ನಡುವೆ ಕೇಳಿದ ಒಂದು ಮಾತು: "ಅಣ್ಣಾ, ಬಾರೋ, ಎಬ್ಬಿಸು."

ನನ್ನ ಕೈಯ ಸೌಟು ಹಾಗೇ ನಿಂತಿತು. ಯಾಕೆಂದರೆ ನಮ್ಮ ಮನೆಯಲ್ಲಿ 'ಅಣ್ಣಾ' ಎಂಬ ಶಬ್ದ ಕೇಳಿ ಎಂಟು ತಿಂಗಳಾಗಿತ್ತು.

ನಮ್ಮವರು ತೀರಿಕೊಂಡದ್ದು 2021ರಲ್ಲಿ. ಮೂರನೆಯ ವರ್ಷದ ತಿಥಿಯ ದಿನ ಎಲೆ ಎತ್ತಿದ ಮೇಲೆ ಮನೆಯ ಮಾತು ಬಂತು. ಬೆಂಗಳೂರಿನಲ್ಲಿರುವ ದೊಡ್ಡವನಿಗೆ ಈ ಮನೆ ಮಾರಿ ನನ್ನನ್ನು ಕರೆದುಕೊಂಡು ಹೋಗಬೇಕೆಂದು ಆಸೆ. ಮನೆಯಿಂದಲೇ ಕಂಪನಿ ಕೆಲಸ ಮಾಡುವ ಚಿಕ್ಕವನಿಗೆ ಅಪ್ಪ ಸಾಲ ಮಾಡಿ ಕಟ್ಟಿಸಿದ ಮನೆಯ ಒಂದು ಇಟ್ಟಿಗೆಯನ್ನೂ ಬಿಡಲು ಇಷ್ಟವಿಲ್ಲ. ಇಬ್ಬರದೂ ನನ್ನ ಮೇಲಿನ ಪ್ರೀತಿಯೇ. ಆದರೆ ಪ್ರೀತಿಯಿಂದ ಶುರುವಾದ ಮಾತು 'ನೀನು ದುಡ್ಡಿಗೆ', 'ನೀನು ಬಾಡಿಗೆಯಿಲ್ಲದ ಮನೆಗೆ' ಎನ್ನುವಲ್ಲಿಗೆ ಹೋಗಿ ಮುಟ್ಟಿತು. ಅಂದಿನಿಂದ ನಾನು ಮನೆಯ ಅಂಚೆಯವಳಾದೆ. "ಅವನಿಗೆ ಹೇಳಮ್ಮ" ಎಂದು ಇವನು, "ಅವನನ್ನು ಕೇಳಮ್ಮ" ಎಂದು ಅವನು. ಕೊರಿಯರ್‌ನಲ್ಲಿ ಏನು ಬಂದರೂ ನನ್ನ ಹೆಸರಿಗೇ.

ಹೀಗಿರುವಾಗ 'ಅಣ್ಣಾ, ಎಬ್ಬಿಸು' ಎಂದರೆ ಏನರ್ಥ? ಮರುದಿನ ದೋಸೆ ಹಾಕುತ್ತಾ ಮೆಲ್ಲಗೆ ಕೇಳಿದೆ. ಅವನು ತಟ್ಟೆ ನೋಡುತ್ತಾ ಹೇಳಿದ: ಅಮೆರಿಕದ ಡಲ್ಲಾಸ್‌ನಲ್ಲಿರುವ ನನ್ನ ಮೈದುನನ ಮಗ ಇಬ್ಬರಿಗೂ ಬೇರೆಬೇರೆಯಾಗಿ ಆಟಕ್ಕೆ ಕರೆ ಕಳಿಸಿದನಂತೆ. ಇನ್ನೊಬ್ಬನೂ ಬರುತ್ತಾನೆಂದು ಯಾರಿಗೂ ಹೇಳಿರಲಿಲ್ಲ. ಒಳಗೆ ಹೋದ ಮೇಲೆ ಗೊತ್ತಾಯಿತಂತೆ. "ಅಷ್ಟರಲ್ಲಿ ಆಟ ಶುರುವಾಗಿತ್ತು ಅಮ್ಮ, ನಡುವೆ ಬಿಟ್ಟು ಬರೋ ಹಾಗಿಲ್ಲ" ಎಂದ. ಮಾತು ಬಿಟ್ಟರೂ ಆಟ ಬಿಡುವ ಹಾಗಿಲ್ಲ! ಇದೇನಪ್ಪ ಈ ಆಟದ ಧರ್ಮ ಎಂದು ನನಗೂ ಕುತೂಹಲ ಹುಟ್ಟಿತು. ಆಮೇಲೆ ಹಲವು ಭಾನುವಾರ ಅವನು ಮೇಷ್ಟರು, ನಾನು ವಿದ್ಯಾರ್ಥಿನಿ.

ಇಂಥ ಆಟಗಳಿಗೆ 'ಫಸ್ಟ್ ಪರ್ಸನ್ ಶೂಟರ್' ಎಂದು ಹೆಸರು. ಆಡುವವನ ಕಣ್ಣಿನಿಂದಲೇ ಎಲ್ಲವೂ ಕಾಣುತ್ತದೆ. ಕೆಳಗೆ ಅವನ ಬಂದೂಕಿನ ತುದಿ ಮಾತ್ರ ಇರುತ್ತದೆ. ಫಸ್ಟ್ ಪರ್ಸನ್ ಎಂದರೆ ನಮ್ಮ ವ್ಯಾಕರಣದಲ್ಲಿ ಉತ್ತಮ ಪುರುಷ ಅಲ್ಲವೇ? ಕೈಯಲ್ಲಿ ಕೋವಿ ಹಿಡಿದವನೂ ಉತ್ತಮ ಪುರುಷನಾದನಲ್ಲ ಎಂದು ನಗು ಬಂತು. ಆದರೆ ಯೋಚಿಸಿದಾಗ, ಈ ಆಟಗಳ ಕಥೆಯೆಲ್ಲ ವ್ಯಾಕರಣದ ಕಥೆಯೇ ಎನ್ನಿಸಿತು. ಏಕವಚನ ಬಹುವಚನವಾದ ಕಥೆ.

1993ರ ಡಿಸೆಂಬರಿನಲ್ಲಿ 'ಡೂಮ್' ಎಂಬ ಆಟ ಬಂತು. ಅದನ್ನು ಮಾಡಿದ ಇಡ್ ಸಾಫ್ಟ್‌ವೇರ್ ಎಂಬ ಕಂಪನಿ ಇದ್ದದ್ದು ಟೆಕ್ಸಾಸಿನ ಮೆಸ್ಕಿಟ್‌ನಲ್ಲಿ, ನಮ್ಮ ಮೈದುನನ ಡಲ್ಲಾಸಿನ ಮಗ್ಗುಲಲ್ಲೇ. ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿದರೆ ನಾಲ್ಕು ಜನ ಒಟ್ಟಿಗೆ ಆಡಬಹುದಿತ್ತು. ಅದರಲ್ಲಿ ಎರಡು ದಾರಿ. ಒಂದು, ಒಬ್ಬರನ್ನೊಬ್ಬರು ಕೊಲ್ಲುವುದು. ಅದಕ್ಕೆ ಜಾನ್ ರೊಮೆರೊ ಎಂಬಾತ 'ಡೆತ್‌ಮ್ಯಾಚ್' ಎಂದು ಹೆಸರಿಟ್ಟ. ಇನ್ನೊಂದು, ನಾಲ್ವರೂ ಸೇರಿ ರಾಕ್ಷಸರನ್ನು ಹೊಡೆಯುವುದು. ಹೆಸರು ಮಾಡಿದ್ದು ಮೊದಲನೆಯದೇ. ಜಗಳಕ್ಕೆ ಸಿಗುವಷ್ಟು ಪ್ರೇಕ್ಷಕರು ಒಗ್ಗಟ್ಟಿಗೆ ಎಲ್ಲಿ ಸಿಗುತ್ತಾರೆ?

ಆ ಎರಡನೆಯ ದಾರಿಯಲ್ಲೂ ಜೊತೆಗಿದ್ದರು ಎನ್ನುವುದಷ್ಟೇ, ಒಬ್ಬರಿಗೊಬ್ಬರು ಆಗುತ್ತಿದ್ದುದು ಕಡಿಮೆ. ಸತ್ತವನು ತಾನೇ ಹಂತದ ಬಾಗಿಲಿಗೆ ಹೋಗಿ, ಒಂದು ಪಿಸ್ತೂಲು ಹಿಡಿದು ಮತ್ತೆ ಓಡಿ ಬರಬೇಕು. ಗೆಳೆಯರು ಮುಂದೆ ಹೋಗಿರುತ್ತಾರೆ. ಅವರ ಗುಂಡು ತಪ್ಪಿದರೆ ಇವನಿಗೇ ತಾಗುತ್ತದೆ. ಒಂದೇ ಬಸ್ಸಿನಲ್ಲಿ ನಿಂತ ಪ್ರಯಾಣಿಕರ ಹಾಗೆ; ದಾರಿ ಒಂದೇ, ಸಂಬಂಧವೇನೂ ಇಲ್ಲ. ಆದರೂ ಜನಕ್ಕೆ ಜೊತೆ ಬೇಕೆನ್ನಿಸುತ್ತಿತ್ತು. 1998ರಲ್ಲಿ 'ಹಾಫ್ ಲೈಫ್' ಎಂಬ ಒಬ್ಬನೇ ಆಡಬೇಕಾದ ಕಥೆಯ ಆಟ ಬಂದರೆ, ಮರುವರ್ಷವೇ ಅಭಿಮಾನಿಗಳು ಅದನ್ನು ತಿದ್ದಿ, 'ಸ್ವೆನ್ ಕೋ-ಆಪ್' ಎಂದು ಕೂಡಿ ಆಡುವ ಆಟ ಮಾಡಿಕೊಂಡರು. ಯಾರೂ ಕೇಳಿರಲಿಲ್ಲ, ಯಾರೂ ದುಡ್ಡು ಕೊಟ್ಟಿರಲಿಲ್ಲ.

2001ರಲ್ಲಿ 'ಹೇಲೋ' ಬಂತು. ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಪೆಟ್ಟಿಗೆಯನ್ನು ಟೀವಿಗೆ ಸಿಕ್ಕಿಸಿ ಆಡುವುದು. ಪರದೆಯನ್ನು ಎರಡು ಪಾಲು ಮಾಡಿ, ಇಬ್ಬರು ಒಂದೇ ಸೋಫಾದಲ್ಲಿ ಕುಳಿತು ಇಡೀ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಆಡಬಹುದಿತ್ತು. ಒಬ್ಬ ಸತ್ತರೆ, ಬದುಕಿದವನು ಅಪಾಯದಿಂದ ದೂರ ಸರಿದು ನಿಂತಾಗ ಸತ್ತವನು ಅವನ ಪಕ್ಕದಲ್ಲೇ ಹುಟ್ಟುತ್ತಿದ್ದ.

"ಇದು ನಮ್ಮ ಮನೆಗೂ ಬಂದಿತ್ತಲ್ಲಮ್ಮ" ಎಂದ ಮಗ. ಹೌದಲ್ಲ! 2009ರಲ್ಲಿ ಮೈದುನ ಊರಿಗೆ ಬರುವಾಗ ಹಳೆಯ ಎಕ್ಸ್‌ಬಾಕ್ಸ್ 360 ಮತ್ತು 'ಹೇಲೋ 3' ತಂದುಕೊಟ್ಟಿದ್ದ. ಅಲ್ಲಿಯ ಕರೆಂಟು ಬೇರೆ, ಇಲ್ಲಿಯದು ಬೇರೆ. ನಮ್ಮವರು ಅಂಗಡಿ ಅಂಗಡಿ ಅಲೆದು 110 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹೊತ್ತು ತಂದರು. ಅದು ಜೇನುಹುಳದ ಹಾಗೆ ಗುಂಯ್ ಎನ್ನುತ್ತಿತ್ತು. ದೊಡ್ಡವನಿಗೆ ಹದಿನೈದು, ಚಿಕ್ಕವನಿಗೆ ಹನ್ನೊಂದು. ಪರದೆಯ ಮೇಲಿನ ಅರ್ಧ ಅಣ್ಣನದು, ಕೆಳಗಿನ ಅರ್ಧ ತಮ್ಮನದು. ಅಣ್ಣ ಕಥಾನಾಯಕನಾದರೆ ತಮ್ಮನಿಗೆ 'ಆರ್ಬಿಟರ್' ಎಂಬ ಅನ್ಯಲೋಕದವನ ಪಾತ್ರ. ಹಿಂದೆ ಶತ್ರುಗಳ ಕಡೆಯಿದ್ದು ಈಗ ನಾಯಕನ ಜೊತೆ ಸೇರಿದವನು ಅವನು. "ನಾನೇ ಯಾಕೆ ದಿನಾ ವಿಭೀಷಣ ಆಗಬೇಕು?" ಎಂದು ಚಿಕ್ಕವನು ಅಳುತ್ತಿದ್ದ. ನಮ್ಮವರು ಕನ್ನಡಕ ಒರೆಸಿಕೊಂಡು ಹಿಂದೆ ಕುಳಿತು, "ಲೋ, ಅವನು ಒಬ್ಬನೇ ಸಿಕ್ಕಿಹಾಕಿಕೊಂಡಿದಾನೆ, ಹೋಗೋ" ಎನ್ನುತ್ತಿದ್ದರು. ನಾನು ಮಾತ್ರ ಪರೀಕ್ಷೆ, ಮಾರ್ಕ್ಸು ಎಂದು ಹೋಗಿ ಸ್ವಿಚ್ ಆರಿಸಿಬಿಡುತ್ತಿದ್ದೆ. ಆ ಎರಡು ಪಾಲಿನಲ್ಲಿ ನನಗೆ ಕಂಡದ್ದು ಹಾಳಾಗುವ ಕಣ್ಣು ಮಾತ್ರ.

ಪರದೆ ಪಾಲು ಮಾಡುವುದು ಯಂತ್ರಕ್ಕೆ ಸುಲಭವಲ್ಲವಂತೆ. ಇಬ್ಬರು ನೋಡುವ ಎರಡು ದೃಶ್ಯಗಳನ್ನು ಅದು ಬೇರೆಬೇರೆಯಾಗಿ ಬರೆಯಬೇಕು. ಚಿತ್ರಗಳು ನಯವಾದಂತೆಲ್ಲ ಹೊರೆ ಹೆಚ್ಚಿತು. ಜೊತೆಗೆ ಇಂಟರ್ನೆಟ್ಟು ಬಂತು. 'ಹೇಲೋ 3'ರಲ್ಲಿಯೇ ನಾಲ್ಕು ಮನೆಗಳಿಂದ ನಾಲ್ವರು ಸೇರಿ ಕಥೆ ಆಡುವ ಅನುಕೂಲವಿತ್ತು. 2015ರ 'ಹೇಲೋ 5'ರಲ್ಲಿ ಸೋಫಾದ ಪಾಲನ್ನೇ ತೆಗೆದುಹಾಕಿದರು. ಜೊತೆಗೆ ಆಡಬೇಕೆಂದರೆ ಬೇರೆಬೇರೆ ಪೆಟ್ಟಿಗೆಯ ಮುಂದೆ ಕೂರಬೇಕಾಯಿತು. ಹಳೆಯ ಅಭಿಮಾನಿಗಳು ಬೇಜಾರು ಮಾಡಿಕೊಂಡರಂತೆ. ಒಂದೇ ತಟ್ಟೆಯಲ್ಲಿ ತಿಂದು ಬೆಳೆದವರಿಗೆ ಬೇರೆ ಅಡುಗೆಮನೆಯ ಸಂಕಟ ಗೊತ್ತಾಗುತ್ತದೆ.

ಆದರೆ ಮನೆಗಳು ದೂರವಾಗುತ್ತಿದ್ದ ಕಾಲದಲ್ಲೇ ಆಟದ ಒಳಗೆ ಇನ್ನೊಂದು ನಡೆಯಿತು. 2008ರ ನವೆಂಬರಿನಲ್ಲಿ 'ಲೆಫ್ಟ್ ಫೋರ್ ಡೆಡ್' ಎಂಬ ಆಟ ಬಂತು. ನಾಲ್ಕು ಜನ ರೋಗಪೀಡಿತ ಪ್ರೇತಗಳಂಥವರ ನಡುವಿನಿಂದ ಪಾರಾಗಬೇಕು. ಅದರಲ್ಲಿ ಒಂದು ಜಂತು ಮೇಲೆ ಹಾರಿ ನೆಲಕ್ಕೆ ಅದುಮಿದರೆ, ಇನ್ನೊಂದು ಉದ್ದನೆಯ ನಾಲಿಗೆಯಿಂದ ಸುತ್ತಿ ಎಳೆದುಕೊಂಡು ಹೋಗುತ್ತದೆ. ಒಮ್ಮೆ ಅವುಗಳ ಕೈಗೆ ಪೂರಾ ಸಿಕ್ಕಿದ ಮೇಲೆ ಎಂಥ ಶೂರನಾದರೂ ತಾನಾಗಿ ಬಿಡಿಸಿಕೊಳ್ಳಲಾರ. ಗೆಳೆಯ ಬರಬೇಕು. ಏಟು ತಿಂದು ಬಿದ್ದವನೂ ತಾನಾಗಿ ಏಳುವಂತಿಲ್ಲ. ಇನ್ನೊಬ್ಬ ಬಂದು, ತನ್ನ ಬಂದೂಕು ಕೆಳಗಿಳಿಸಿ, ಕೆಲವು ಕ್ಷಣ ಅಪಾಯದಲ್ಲೇ ನಿಂತು, ಕೈಹಿಡಿದು ಎಬ್ಬಿಸಬೇಕು. ತನ್ನಲ್ಲಿರುವ ಒಂದೇ ಔಷಧದ ಪೆಟ್ಟಿಗೆಯನ್ನು ತಾನು ಬಳಸಬೇಕೋ ಕುಂಟುತ್ತಿರುವವನಿಗೆ ಕೊಡಬೇಕೋ ಎಂದು ಅವನೇ ನಿರ್ಧರಿಸಬೇಕು. ಮುಂದೆ ಓಡಿಹೋದ ಜಾಣನೇ ಮೊದಲು ಸಾಯುತ್ತಾನೆ.

ಇದನ್ನು ಕೇಳಿದಾಗ ನಾನು ಕಾವಲಿ ಮೇಲಿನ ದೋಸೆ ಮರೆತೆ. ತರಗತಿಯಲ್ಲಿ ಗುಂಪು ಚಟುವಟಿಕೆ ಕೊಟ್ಟು ಕೈಸುಟ್ಟುಕೊಂಡವಳು ನಾನು. ನಾಲ್ವರಿಗೆ ಒಂದು ಚಾರ್ಟು ಕೊಟ್ಟರೆ ಒಬ್ಬಳು ಬರೆಯುತ್ತಾಳೆ, ಮೂವರು ಕಿಟಕಿ ನೋಡುತ್ತಾರೆ. 'ಒಗ್ಗಟ್ಟಾಗಿರಿ' ಎಂದು ನಾನು ಬೋರ್ಡಿನ ಮೇಲೆ ಬರೆದದ್ದೇ ಬರೆದದ್ದು. ಈ ಆಟ ಮಾಡಿದವರು ಬೋಧನೆ ಮಾಡಲಿಲ್ಲ. ಒಬ್ಬರಿಲ್ಲದೆ ಒಬ್ಬರಿಗೆ ಆಗದ ಹಾಗೆ ನಿಯಮವನ್ನೇ ಮಾಡಿದರು.

ಹಾಗೆಂದು ನಾನು ಈ ಆಟಗಳ ವಕೀಲಳಾಗಿದ್ದೇನೆ ಎಂದುಕೊಳ್ಳಬೇಡಿ. ಅಷ್ಟು ರಕ್ತ, ಅಷ್ಟು ಗುಂಡು ನನಗೆ ಇವತ್ತಿಗೂ ಹಿಡಿಸುವುದಿಲ್ಲ. ರಾತ್ರಿಯೆಲ್ಲ ಫೋನಿನಲ್ಲಿ ಆಡಿ ಬೆಳಗ್ಗೆ ಬೆಂಚಿನ ಮೇಲೆ ತೂಕಡಿಸುವ ಮಕ್ಕಳನ್ನು ಕಂಡಿದ್ದೇನೆ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್ಜಿ ಮೊಬೈಲ್ ಆಟವನ್ನು ನಿಷೇಧಿಸಿದಾಗ ನಾವು ಶಿಕ್ಷಕಿಯರೆಲ್ಲ ಫೋನಿನಲ್ಲೇ ಹಬ್ಬ ಮಾಡಿದ್ದೆವು. ಆದರೆ ಮಕ್ಕಳು ಅಲ್ಲಿ ಯಾಕೆ ಅಷ್ಟು ಹೊತ್ತು ಇರುತ್ತಾರೆ ಎಂದು ನಾವು ಯಾರೂ ಕೇಳಿರಲಿಲ್ಲ. ಕೊಲ್ಲುವ ಆಸೆಯಿಂದ ಎಂದುಕೊಂಡಿದ್ದೆವು. ಅಲ್ಲೂ ನಾಲ್ವರ ತಂಡವಿತ್ತು, ಬಿದ್ದವನನ್ನು ಎಬ್ಬಿಸಲು ಗೆಳೆಯ ಬರುತ್ತಿದ್ದ.

ಈಗ ನಮ್ಮ ಹುಡುಗರು ಆಡುವುದು 'ಡೀಪ್ ರಾಕ್ ಗ್ಯಾಲಾಕ್ಟಿಕ್' ಎಂಬ ಆಟ. ಡೆನ್ಮಾರ್ಕಿನ ಕೋಪನ್‌ಹೇಗನ್‌ನವರು ಮಾಡಿದ್ದು, 2020ರಲ್ಲಿ ಪೂರ್ತಿಯಾಗಿ ಬಿಡುಗಡೆಯಾಯಿತು. ಗಡ್ಡದ ನಾಲ್ಕು ಕುಳ್ಳರು ಕತ್ತಲೆಯ ಗಣಿಗೆ ಇಳಿದು ಅದಿರು ತೆಗೆಯಬೇಕು, ಹುಳುಗಳ ಹಿಂಡನ್ನು ಎದುರಿಸಬೇಕು. ಒಬ್ಬೊಬ್ಬನಿಗೆ ಒಂದೊಂದು ಕಸುಬು. ಒಬ್ಬ ಬಂಡೆ ಕೊರೆಯುತ್ತಾನೆ. ಒಬ್ಬ ಗೋಡೆಗೆ ಅಟ್ಟಣಿಗೆಯ ಹಾಗೆ ಹಲಗೆ ಅಂಟಿಸುತ್ತಾನೆ. ಇನ್ನೊಬ್ಬ ಕೊಕ್ಕೆ ಬೀಸಿ ಹಾರಿ, ಆ ಹಲಗೆಯ ಮೇಲೆ ನಿಂತು, ಎತ್ತರದ ಅದಿರನ್ನು ಕೀಳುತ್ತಾನೆ. ನಾಲ್ಕನೆಯವನು ದೊಡ್ಡ ಬಂದೂಕು ಹಿಡಿದು ಕಾಯುತ್ತಾನೆ. ಕೆಲಸ ಮುಗಿದರೆ ಸಂತೋಷಕ್ಕೆ ಕೂಗಲೆಂದೇ ಒಂದು ಗುಂಡಿ ಇದೆ. ಒಬ್ಬ ಒತ್ತಿದರೆ ಉಳಿದವರೂ ಒತ್ತುತ್ತಾರೆ. ಯಾರೂ ಇಲ್ಲದೆ ಒಬ್ಬನೇ ಗಣಿಗಿಳಿಯುವವನಿಗೆ ಜೊತೆಗೊಂದು ಹಾರುವ ಯಂತ್ರ ಕೊಡುತ್ತಾರೆ. ಆ ಯಂತ್ರದ ವಿಷಯ ಕೇಳಿದಾಗ ಯಾಕೋ ನನಗೆ ನಮ್ಮವರಿಲ್ಲದ ಮೊದಲ ವರ್ಷ ನೆನಪಾಯಿತು.

ನಮ್ಮ ಮನೆಯಲ್ಲಿ ಹಲಗೆ ಅಂಟಿಸುವವನು ದೊಡ್ಡವನು, ಅದರ ಮೇಲೆ ಹಾರುವವನು ಚಿಕ್ಕವನು. ಬಾಗಿಲ ಹೊರಗೆ ನಿಂತು ಎಷ್ಟೋ ಶನಿವಾರ ಕೇಳಿದ್ದೇನೆ. ಅದಿರು, ಗುಂಡು, ಎಡ, ಬಲ, ಇಷ್ಟೇ ಮಾತು. ಮನೆಯ ಸುದ್ದಿಯಿಲ್ಲ, ಊಟ ಆಯಿತೇ ಎಂದಿಲ್ಲ. ಒಳಗೆ ನುಗ್ಗಿ ಆ ಮೈಕಿಗೆ ಬಾಯಿಟ್ಟು, "ಲೋ, ಇಬ್ಬರೂ ಕೇಳಿ" ಎಂದು ಎಂಟು ತಿಂಗಳ ಪಾಠವನ್ನು ಒಮ್ಮೆಲೇ ಮಾಡಿಬಿಡಬೇಕು ಎನ್ನಿಸುತ್ತಿತ್ತು. 2009ರಲ್ಲಿ ಆರಿಸಿದ ಸ್ವಿಚ್ಚು ನೆನಪಾಗಿ ಸುಮ್ಮನಾಗುತ್ತಿದ್ದೆ.

ಕಳೆದ ಮಳೆಗಾಲದ ಒಂದು ಶನಿವಾರ ಆಟದ ನಡುವೆಯೇ ಕರೆಂಟು ಹೋಯಿತು. ಎರಡು ನಿಮಿಷದಲ್ಲಿ ನನ್ನ ಫೋನ್ ಬಡಿದುಕೊಂಡಿತು. ದೊಡ್ಡವನು. "ಅಮ್ಮ, ಏನಾಯ್ತು? ಅವನು ಇದ್ದಕ್ಕಿದ್ದ ಹಾಗೆ ಮಾಯವಾದ. ಹುಷಾರಾಗಿದಾನಾ?" ಎಂದ. ಕರೆಂಟು ಹೋಯಿತು ಕಣೋ ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಕತ್ತಲಲ್ಲಿ ಗೋಡೆ ಹಿಡಿದುಕೊಂಡು ಹೋಗಿ ಫೋನನ್ನು ಚಿಕ್ಕವನ ಕೈಗಿಟ್ಟು, ಮೇಣದಬತ್ತಿ ಹುಡುಕುವ ನೆಪದಲ್ಲಿ ಅಡುಗೆಮನೆಗೆ ಬಂದೆ.

"ಹ್ಞೂಂ... ಕರೆಂಟ್ ಇಲ್ಲ... ಯುಪಿಎಸ್ ಬ್ಯಾಟರಿ ಸತ್ತಿದೆ... ಹ್ಞೂಂ, ಅಪ್ಪ ತಂದಿದ್ದೇ, ಇನ್ನೂ ಅದೇ..." ಆಮೇಲೆ ಬಹಳ ಹೊತ್ತು ಮಾತಿಲ್ಲ. ಇಟ್ಟುಬಿಟ್ಟರೇನೋ ಎಂದುಕೊಂಡೆ. ಅಷ್ಟರಲ್ಲಿ, "ಇದಾಳೆ, ಮಂಡಿ ನೋವು ಅಂತಾಳೆ, ಡಾಕ್ಟರ ಹತ್ರ ಬಾ ಅಂದ್ರೆ ಬರಲ್ಲ. ನೀನೇ ಒಂದ್ಸಲ ಹೇಳು" ಎಂದದ್ದು ಕೇಳಿತು. ಮೇಣದಬತ್ತಿ ನನ್ನ ಕೈಯಲ್ಲೇ ಇತ್ತು. ಹಚ್ಚಲಿಲ್ಲ. ಕರೆಂಟು ಬರುವವರೆಗೂ, ಸುಮಾರು ಇಪ್ಪತ್ತು ನಿಮಿಷ, ಇಬ್ಬರೂ ನನ್ನ ಮಂಡಿಯ ಬಗ್ಗೆ ಮಾತಾಡಿದರು.

ಮನೆ ಮಾರುವ ಮಾತು ಹಾಗೇ ಇದೆ. ಅವನೂ ಬಿಟ್ಟಿಲ್ಲ, ಇವನೂ ಬಿಟ್ಟಿಲ್ಲ. ಮುಂದಿನ ತಿಥಿಗೆ ಮತ್ತೆ ಬರಬಹುದು. ಆದರೆ ಆ ವಾರ ಬೆಂಗಳೂರಿನಿಂದ ಕೊರಿಯರ್‌ನವನು ಒಂದು ಭಾರದ ಪೆಟ್ಟಿಗೆ ತಂದ. ಸಹಿ ಹಾಕಲು ಕನ್ನಡಕ ಹುಡುಕಿಕೊಂಡು ಬಂದೆ. "ನಿಮ್ಮ ಹೆಸರಿಗಲ್ಲ ಮೇಡಂ" ಎಂದ. ಯುಪಿಎಸ್‌ನ ಹೊಸ ಬ್ಯಾಟರಿ. ಮೇಲೆ ಚಿಕ್ಕವನ ಹೆಸರಿತ್ತು.