ನಾಯಿಗಳೊಡನೆ ಕಾಕನಕೋಟೆಯ ದಾರಿಯಲ್ಲಿ

ಕಾಕನಕೋಟೆ ಎಂದೊಡನೆ ನನ್ನ ವಯಸ್ಸಿನವರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಮಾಸ್ತಿಯವರ ನಾಟಕವನ್ನಾಧರಿಸಿ ಸಿ.ಆರ್. ಸಿಂಹ ಅವರು 1977ರಲ್ಲಿ ತೆರೆಗೆ ತಂದ ಚಿತ್ರ. ಇನ್ನೊಂದು, ಕಬಿನಿಯ ದಡದಲ್ಲಿ ಕಾಡಾನೆಗಳನ್ನು ಹಿಂಡುಹಿಂಡಾಗಿ ಅಟ್ಟಿ ಹಿಡಿಯುತ್ತಿದ್ದ ಖೆಡ್ಡಾ. 1971ರ ಖೆಡ್ಡಾವೇ ಕಡೆಯದು. 1974ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನದಿಯಂಚಿನ ಹಳೆಯ ಕಾಡು ಹಿನ್ನೀರಿನಡಿ ಸೇರಿತು. ಸುತ್ತೂರು ಮಠದ ಮುಂದೆ ಹರಿಯುವ ಕಪಿಲೆಯೂ ಈ ಕಬಿನಿಯೂ ಒಂದೇ ನದಿ. ಇದನ್ನು ಬಲ್ಲ ನಮ್ಮ ಮನೆಯ ಮಕ್ಕಳಿಗೆ, ಆ ನದಿ ಕಾಡಿನಿಂದ ಹೊರಬರುವ ಎಡೆಯನ್ನು ಕಾಣಬೇಕೆಂಬ ಹಂಬಲ ಬಹುಕಾಲದಿಂದಲೂ ಇತ್ತು.

ಆದರೆ ನಮ್ಮ ಮನೆಯಲ್ಲಿ ಎರಡು ಮುಧೋಳದ ನಾಯಿಗಳಿವೆ. ಅವುಗಳನ್ನು ಬಿಟ್ಟು ಹೋಗುವಂತಿಲ್ಲ. ನೆರೆಯವರು ಒಂದು ಹೊತ್ತು ಅನ್ನವಿಟ್ಟಾರು, ಹಗಲಿರುಳು ಕಾಯಲಾರರು. ಬಾಗಲಕೋಟೆ ಜಿಲ್ಲೆಯ ಈ ತಳಿಯನ್ನು ಮುಧೋಳದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಅಕ್ಕರೆಯಿಂದ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಭುಜದವರೆಗೆ ಸುಮಾರು 70 ಸೆಂ.ಮೀ. ಎತ್ತರ, ಆಳವಾದ ಎದೆ, ಬೆತ್ತದಂತಹ ಕಾಲುಗಳು, ಎಲುಬಿನ ಮೇಲೆ ತೆಳುವಾದ ಚರ್ಮ. ಓಡಲೆಂದೇ ಹುಟ್ಟಿದ ಪ್ರಾಣಿಯನ್ನು ಡಬ್ಬಿಯಂತಹ ವಾಹನದಲ್ಲಿ ಕೂಡಿಸುವುದು ಸುಲಭದ ಮಾತಲ್ಲ.

ಈ ಮಾತನ್ನು ನಾನು ಕಲಿತದ್ದು ತಪ್ಪು ಮಾಡಿ. ಮೂರು ವರ್ಷಗಳ ಹಿಂದೆ ಒಂದು ಚೈತ್ರದಲ್ಲಿ, ಆಗಿದ್ದ ಚಿಕ್ಕ ಕಾರಿನಲ್ಲಿ ಹಿರಿಯ ನಾಯಿಯನ್ನು ಕೂರಿಸಿಕೊಂಡು ಒಂದು ಲಗ್ನಕ್ಕೆ ಹೋಗಿದ್ದೆವು. ಕಾರನ್ನು ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿ, ಗಾಜನ್ನು ನಾಲ್ಕು ಬೆರಳು ಇಳಿಸಿ, "ಪ್ರಸಾದ ಮುಗಿಸಿ ಬಂದೇ ಬಿಡೋಣ" ಎಂದವನು ನಾನೇ. ನೆರಳು ಸರಿದದ್ದು ನಮಗೆ ತಿಳಿಯಲಿಲ್ಲ. ಹಿಂದಿರುಗಿದಾಗ ಅದರ ನಾಲಿಗೆ ನೀಲಿಗಟ್ಟಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಮದುವೆ ಮನೆಯ ಹಂಡೆಯ ನೀರನ್ನೆಲ್ಲ ಮೈಮೇಲೆ ಸುರಿದು, ಗಾಳಿ ಬೀಸುತ್ತಾ ಪಶುವೈದ್ಯರ ಬಳಿಗೆ ಒಯ್ದೆವು. ಉಳಿಯಿತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಅದು ಮೈ ತಂಪು ಮಾಡಿಕೊಳ್ಳಬೇಕು. ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆಂದು ವೈದ್ಯರು ಹೇಳಿದರು. ಗಾಜನ್ನು ತುಸು ಇಳಿಸಿದರೆ ಹೆಚ್ಚಿನ ಪ್ರಯೋಜನವಿಲ್ಲವಂತೆ. ಹಾವಿನಹಾಳ ಕಲ್ಲಯ್ಯನವರ ನಾಯಿ ವೇದವನ್ನು ಓದಿತೆಂಬ ಕಥೆಯನ್ನು ಮಠದಲ್ಲಿ ಎಷ್ಟೋ ಸಲ ಪ್ರವಚನದಲ್ಲಿ ಹೇಳಿದವನು ನಾನು. ಆ ದಿನ ನನ್ನ ಬಾಯಿಗೆ ಮಾತೇ ಬರಲಿಲ್ಲ.

ಹಾಗಾಗಿ ಕಳೆದ ವರ್ಷ ಮಗ ಹೊಸ ವಾಹನ ಕೊಳ್ಳಬೇಕೆಂದಾಗ, ನಾನು ಅಳತೆಪಟ್ಟಿ ಹಿಡಿದು ಜೊತೆಗೆ ಹೋದೆ. ನಾಯಿ ನಿಂತಾಗಿನ ಎತ್ತರವನ್ನಲ್ಲ, ಕಾಲು ಚಾಚಿ ಮಲಗಿದಾಗಿನ ಉದ್ದವನ್ನು ಮನೆಯಲ್ಲಿಯೇ ಅಳೆದಿದ್ದೆ: ಹತ್ತಿರ ಹತ್ತಿರ ನಾಲ್ಕು ಅಡಿ. ಎರಡು ನಾಯಿಗೆ ಹೆಚ್ಚು ಕಡಿಮೆ ನಾಲ್ಕಡಿ ಚೌಕದ ಸಮತಟ್ಟು ಜಾಗ ಬೇಕು. ಅಂಗಡಿಯ ಹುಡುಗರು ನಕ್ಕರು, ನಗಲಿ. ಡಿಕ್ಕಿ ಪ್ರತ್ಯೇಕವಾಗಿರುವ ಉದ್ದನೆಯ ಕಾರುಗಳು ನೋಟಕ್ಕೆ ಚಂದವೇ ಹೊರತು, ಗಾಳಿಯಿಲ್ಲದ ಆ ಪೆಟ್ಟಿಗೆಯಲ್ಲಿ ಪ್ರಾಣಿಯನ್ನು ಇಡುವಂತಿಲ್ಲ. ಹಿಂಸೀಟಿನ ಮೇಲೆ ಕೂರಿಸಿದರೆ ಮನುಷ್ಯರಿಗೆ ಎಡೆಯಿಲ್ಲ. ಬೊಲೆರೊದಂತಹ ಜೀಪುಗಳು ಹಳ್ಳಿಯ ಹಾದಿಗೆ ಗಟ್ಟಿ, ಆದರೆ ನೆಲ ಎತ್ತರ. ಅಲ್ಲಿಂದ ದಿನವೂ ಧುಮುಕಿದರೆ ಇಂತಹ ನೀಳಗಾಲಿನ ನಾಯಿಗೆ ಭುಜ ಉಳುಕುವ ಭಯ. ಓಮ್ನಿಯ ಕಾಲ 2019ರಲ್ಲಿಯೇ ಮುಗಿಯಿತು. ಈಕೋದ ಜಾರುಬಾಗಿಲು ಮತ್ತು ತಗ್ಗಾದ ನೆಲ ನನಗೆ ಹಿಡಿಸಿದವು. ಕಡೆಗೆ ಎರ್ಟಿಗಾದಂತಹ ಮೂರು ಸಾಲಿನ ವಾಹನವೊಂದನ್ನು ಆರಿಸಿದೆವು. ಕಡೆಯ ಸಾಲನ್ನು ಮಡಿಸಿದರೆ ಹಾಸಿಗೆಯಂತಹ ಜಾಗ, ನಡುವಿನ ಸಾಲಿಗೆ ಮೇಲ್ಛಾವಣಿಯಿಂದ ತಂಪುಗಾಳಿ. ತೆಳುಚರ್ಮದ ನಾಯಿಗೆ ಮೊಣಕೈ ತರಚದಿರಲು ಹತ್ತಿಯ ಗಾದಿ, ಹತ್ತಿಳಿಯಲು ಒಂದು ಹಲಗೆ, ಮನುಷ್ಯರ ಸಾಲಿನ ಹಿಂದೆ ಒಂದು ಜಾಲರಿ.

ಈ ಜಾಲರಿಯ ವಿಷಯವಾಗಿ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ವಾಹನ ಥಟ್ಟನೆ ನಿಂತರೆ ಇಪ್ಪತ್ತೈದು ಕಿಲೋ ತೂಕದ ನಾಯಿ ಮುಂದೆ ಕುಳಿತವರ ಕುತ್ತಿಗೆಯ ಮೇಲೆ ಬಂದು ಬೀಳುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಹಿಂಬಾಗಿಲು. ಮುಧೋಳದ ನಾಯಿ ವಾಸನೆಗಿಂತ ಕಣ್ಣಿನಿಂದ ಬೇಟೆಯಾಡುವುದು. ದೂರದ ಹೊಲದಲ್ಲಿ ಕರು ಜಿಗಿದರೂ ಸಾಕು, ಹಿಂಬಾಗಿಲು ಮೇಲೇರಿದ ಕ್ಷಣವೇ ಬಾಣದಂತೆ ಹೊರಟುಹೋಗುತ್ತದೆ; ಆಮೇಲೆ ಕೂಗಿದರೆ ಕಿವಿಗೊಡುವುದಿಲ್ಲ. ಆದುದರಿಂದ ಎದೆಪಟ್ಟಿಯ ಹಗ್ಗವನ್ನು ಒಳಗಿನಿಂದ ಒಬ್ಬರು ಹಿಡಿದ ಹೊರತು ಹಿಂಬಾಗಿಲನ್ನು ತೆರೆಯಬಾರದೆಂದು ನಿಯಮ ಮಾಡಿದೆವು. ಕೊರಳಪಟ್ಟಿ ನಂಬಿಕೆಗೆ ತಕ್ಕದ್ದಲ್ಲ. ಕತ್ತಿಗಿಂತ ತಲೆಯೇ ಕಿರಿದಾದುದರಿಂದ ಜಾರಿಕೊಳ್ಳುತ್ತದೆ.

ಫಾಲ್ಗುಣದ ಒಂದು ಮುಂಜಾನೆ ಐದಕ್ಕೆ ಮೈಸೂರು ಬಿಟ್ಟೆವು. ಹಿಂದಿನ ರಾತ್ರಿಯ ಊಟವೇ ನಾಯಿಗಳಿಗೆ ಕಡೆಯದು, ಹೊಟ್ಟೆ ತುಂಬಿದ್ದರೆ ದಾರಿಯಲ್ಲಿ ಕಕ್ಕುತ್ತವೆ. ಹಂಪಾಪುರದ ಬಳಿ ಬೆಳಕು ಹರಿಯಿತು. ಹೆಗ್ಗಡದೇವನಕೋಟೆಯವರೆಗಿನ ಸುಮಾರು 50 ಕಿ.ಮೀ. ದಾರಿಯಲ್ಲಿ ಎರಡು ಸಲ ನಿಂತು ನೀರು ಕುಡಿಸಿದೆವು. ಮುಂದೆ ಅಂತರಸಂತೆ. ಅದರಾಚೆ ನಾಗರಹೊಳೆಯ ಕಾಡು, 1999ರಲ್ಲಿ ಹುಲಿ ಯೋಜನೆಗೆ ಸೇರಿದ್ದು. ಮಾನಂದವಾಡಿಗೆ ಹೋಗುವ ಆ ರಸ್ತೆಯಲ್ಲಿ 2008ರಿಂದ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷಿದ್ಧ. ಹಗಲಲ್ಲೂ ಕಾಡಿನ ನಡುವೆ ವಾಹನ ನಿಲ್ಲಿಸಿ ಇಳಿಯುವಂತಿಲ್ಲ.

ಮಗ "ಗಾಜು ಏರಿಸಿಕೊಂಡು ನಾಯಿಗಳನ್ನೂ ಕರೆದೊಯ್ಯೋಣ, ಇಳಿಸದಿದ್ದರಾಯಿತು" ಎಂದ. ನಾನು ಒಪ್ಪಲಿಲ್ಲ. ಚಿರತೆಗೆ ನಾಯಿ ಇಷ್ಟದ ಆಹಾರವೆಂಬುದು ಕೋಟೆ ಸೀಮೆಯ ಮಕ್ಕಳಿಗೂ ಗೊತ್ತು. ನಮ್ಮ ನಾಯಿಗೆ ಕಾಡಿನಿಂದ ಭಯವಿರುವಂತೆ ಕಾಡಿಗೂ ನಮ್ಮ ನಾಯಿಯಿಂದ ಭಯವುಂಟು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ಡಿಸ್ಟೆಂಪರ್ ಎಂಬ, ನಾಯಿಗಳಲ್ಲಿ ಸಾಮಾನ್ಯವಾದ ರೋಗ ತಗುಲಿದ್ದು ಪತ್ತೆಯಾಯಿತು. ಲಸಿಕೆ ಹಾಕಿಸಿದ್ದೇವೆ, ನಿಜ. ಆದರೂ ಟೈರು ಪಂಕ್ಚರ್ ಆಗಿ ಬಾಗಿಲು ತೆರೆಯಬೇಕಾಗಿ ಬಂದರೆ, ಎದುರಿಗೆ ಜಿಂಕೆಯ ಹಿಂಡು ಮೇಯುತ್ತಿದ್ದರೆ, ಹಗ್ಗ ಹಿಡಿಯುವವರಾರು?

ಅಂತರಸಂತೆಯ ಈಚೆಗಿದ್ದ ಬಂಧುಗಳ ತೋಟದ ಮನೆಯಲ್ಲಿ ನಾನೂ ನಾಯಿಗಳೂ ಉಳಿದೆವು. ಮಗ, ಸೊಸೆ, ಮೊಮ್ಮಗಳು ಕಾಕನಕೋಟೆಗೆ ಹೋದರು. ಇಷ್ಟು ದೂರ ಬಂದು ಆನೆ ನೋಡದೆ ಉಳಿದೆಯಲ್ಲಾ ಎಂದು ಆ ಮನೆಯ ಹಿರಿಯರು ಮರುಗಿದರು. ನಾನು ಲಿಂಗಪೂಜೆ ಮುಗಿಸಿ ಹಲಸಿನ ಮರದಡಿ ಕುಳಿತೆ. ಹಿರಿಯ ನಾಯಿ ಕಾರು ಹೋದ ದಿಕ್ಕನ್ನೇ ನೋಡುತ್ತಾ ಮಧ್ಯಾಹ್ನದವರೆಗೂ ನಿಂತಿತ್ತು.

ಅವರು ಹಿಂದಿರುಗಿದಾಗ ಮೂರು ಗಂಟೆ. ಬೇಸಗೆಗೆ ಇಳಿದ ಹಿನ್ನೀರಿನ ಹಸುರಿನಲ್ಲಿ ಹದಿನೇಳು ಆನೆಗಳನ್ನು ಎಣಿಸಿದೆನೆಂದು ಮೊಮ್ಮಗಳು ಒಂದೇ ಉಸಿರಿನಲ್ಲಿ ಹೇಳಿದಳು. ಹಲಗೆ ಇಟ್ಟು ನಾಯಿಗಳನ್ನು ಕರೆದರೆ, ಯಾವಾಗಲೂ ತಾವೇ ಏರುವವು ಅಂದು ಟೈರನ್ನು ಮೂಸಿ, ಬೆನ್ನಿನ ಕೂದಲು ನಿಮಿರಿಸಿ ಹಿಂದೆ ಸರಿದವು. ಟೈರಿಗೆ ಆನೆಯ ಲದ್ದಿ ಮೆತ್ತಿತ್ತು. ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ನಾಲ್ಕೂ ಚಕ್ರಗಳನ್ನು ತೊಳೆದ ಮೇಲೆ ಹಿರಿಯದು ಏರಿತು. ಅದರ ಹಿಂದೆ ಕಿರಿಯದೂ ಏರಿತು. ನಾವು ಮೈಸೂರು ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.