ಕದ ತೆರೆದ ಊರು

ಫ್ರಾನ್ಸ್ ಎಂದೊಡನೆ ಪ್ಯಾರಿಸ್ ನಗರದ ವೈಭವವು ನೆನಪಿಗೆ ಬರುವುದು ಲೋಕರೂಢಿ. ನನಗಾದರೋ ಆ ದೇಶದ ಹೆಸರನ್ನು ಕೇಳಿದಾಗಲೆಲ್ಲ ನೆನಪಾಗುವುದು ಒಂದು ಸಣ್ಣ ಹಳ್ಳಿ. ಅದನ್ನು ನಾನು ಕಂಡವನಲ್ಲ, ಗ್ರಂಥಮುಖದಿಂದ ಬಲ್ಲೆನು. ಲ ಶಾಂಬೋಂ ಎಂಬುದು ಅದರ ಹೆಸರು.

ದೇಶದ ದಕ್ಷಿಣ-ಮಧ್ಯಭಾಗದ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು ೧೦೦೦ ಮೀಟರು ಎತ್ತರದಲ್ಲಿ, ಲಿನ್ಯೋಂ ಎಂಬ ಹೊಳೆಯ ದಡದಲ್ಲಿ ಈ ಊರಿದೆ. ಕರಿಗಲ್ಲಿನ ಗೋಡೆಯ ಮನೆಗಳು, ಹಸುಗಳು ಮೇಯುವ ಹುಲ್ಲುಗಾವಲುಗಳು, ಸುತ್ತಲೂ ದೇವದಾರು ಜಾತಿಯ ಮರಗಳ ಕಾಡು. ಚಳಿಗಾಲದಲ್ಲಿ ‘ಬ್ಯೂರ್ಲ್’ ಎಂಬ ಬಡಗಣ ಗಾಳಿ ಬೀಸಿ ಹಿಮವನ್ನು ರಾಶಿಗೂಡಿಸಿ ದಾರಿಗಳನ್ನು ಮುಚ್ಚುತ್ತದೆ. ಇಂತಹ ನೆಲದಲ್ಲಿ ಬಾಳುವವರು ಮಿತಭಾಷಿಗಳು.

ಅಲ್ಲಿನ ಬಹುಜನರು ಪ್ರಾಟೆಸ್ಟೆಂಟ್ ಮತದವರು. ೧೬೮೫ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯು ಆ ಮತವನ್ನು ನಿಷೇಧಿಸಿದ ಮೇಲೆ, ಇವರ ಪೂರ್ವಿಕರು ಕಾಡಿನಲ್ಲಿ ಗುಟ್ಟಾಗಿ ಸೇರಿ ಪ್ರಾರ್ಥಿಸುತ್ತಿದ್ದರು. ಬೇಟೆಗೊಳಗಾದವರ ಪಾಡೇನೆಂಬುದು ಮನೆತನದ ನೆನಪಿನಲ್ಲಿಯೇ ಇದ್ದಿತು. ಇದಲ್ಲದೆ ೧೮೯೩ರಿಂದ ಸೇಂತ್ ಎತಿಯೆನ್ನಿನ ಕಾರ್ಖಾನೆಯ ಊರಿನಿಂದ ಬಡಮಕ್ಕಳನ್ನು ಆರೋಗ್ಯಕ್ಕಾಗಿ ಈ ಸೀಮೆಯ ರೈತರ ಮನೆಗಳಿಗೆ ಕಳುಹಿಸುವ ಪದ್ಧತಿಯು ನಡೆದು ಬಂದಿತ್ತು. ಪರರ ಮಗುವಿಗೆ ಹಾಸಿಗೆಯನ್ನು ಹಾಸುವುದು ಅಲ್ಲಿ ಹೊಸ ಸಂಗತಿಯಾಗಿರಲಿಲ್ಲ.

೧೯೪೦ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಸೋತಿತು. ಒಪ್ಪಂದಕ್ಕೆ ಸಹಿಯಾದ ಮರುದಿನವೇ ಊರಿನ ಪಾದ್ರಿಗಳಾದ ಆಂದ್ರೆ ತ್ರೋಕ್ಮೆ ಮತ್ತು ಎದುವಾರ್ ತೇಸ್ ಎಂಬವರು, ಅಂತಃಕರಣಕ್ಕೆ ವಿರುದ್ಧವಾದ ಬಲಾತ್ಕಾರವನ್ನು ಆತ್ಮದ ಆಯುಧಗಳಿಂದಲೇ ಎದುರಿಸಬೇಕೆಂದು ಸಾರಿದರು. ಬಳಿಕ ಯೆಹೂದ್ಯ ನಿರಾಶ್ರಿತರು ಒಬ್ಬೊಬ್ಬರಾಗಿ ಬಂದರು. ಆ ಪೀಠಭೂಮಿಯ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಸಾವಿರಾರು ಜನರಿಗೆ ಆಶ್ರಯ ದೊರೆಯಿತು. ೧೯೪೨ರ ಆಗಸ್ಟಿನಲ್ಲಿ ಪೋಲೀಸರು ವಾಹನಗಳೊಡನೆ ಬಂದು ಹುಡುಕಿದರೂ ಅವರಿಗೆ ಹೆಚ್ಚು ಮಂದಿ ಸಿಕ್ಕಲಿಲ್ಲ. ೧೯೪೩ರ ಫೆಬ್ರವರಿಯಲ್ಲಿ ಪಾದ್ರಿಗಳಿಬ್ಬರನ್ನೂ ಶಾಲೆಯ ಮುಖ್ಯೋಪಾಧ್ಯಾಯ ರೋಜೆ ದಾರ್ಸಿಸಾಕರನ್ನೂ ಸೆರೆಹಿಡಿದು ಕೆಲಕಾಲ ಶಿಬಿರದಲ್ಲಿಟ್ಟರು. ಅದೇ ಜೂನಿನಲ್ಲಿ ತ್ರೋಕ್ಮೆಯವರ ಬಂಧು ದಾನಿಯೆಲ್ ಎಂಬ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳೊಡನೆ ಸೆರೆಯಾಗಿ, ೧೯೪೪ರಲ್ಲಿ ಪೋಲೆಂಡಿನ ಮಾಯ್ದಾನೆಕ್ ಶಿಬಿರದಲ್ಲಿ ಮಡಿದರು.

ಯುದ್ಧಾನಂತರ ತಮ್ಮನ್ನು ಹೊಗಳಿದವರಿಗೆ ಆ ಹಳ್ಳಿಗರು ಬೆರಗಿನಿಂದ, ತಾವು ಮಾಡಿದುದರಲ್ಲಿ ವಿಶೇಷವೇನೂ ಇಲ್ಲವೆಂದರಂತೆ. ಅದು ವಿನಯದ ಮಾತಲ್ಲವೆಂದು ನನ್ನ ಭಾವನೆ. ಅವರಿಗೆ ನಿಜವಾಗಿಯೂ ಅದು ವಿಶೇಷವಾಗಿ ತೋರಲಿಲ್ಲ. ಕದ ತಟ್ಟಿದರೆ ತೆರೆಯುವುದು ಕೈಯ ಅಭ್ಯಾಸವಾಗಿದ್ದಿತು.

ಈ ಮಾತು ನನಗೆ ನೋವಿನಿಂದ ತಿಳಿದದ್ದು. ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಂದು ಆಷಾಢದ ರಾತ್ರಿ, ಮಳೆಯಲ್ಲಿ ತೊಯ್ದ ಅಪರಿಚಿತನೊಬ್ಬನು ನನ್ನ ಕದವನ್ನು ತಟ್ಟಿದನು. ನಾನು ಅಗಳಿ ತೆಗೆಯದೆ, ಮುಂದೆ ದೇವಸ್ಥಾನವಿದೆಯೆಂದು ಒಳಗಿನಿಂದಲೇ ಕೂಗಿ ಹೇಳಿದೆನು. ಬೆಳಗ್ಗೆ ಹೋಗಿ ನೋಡಲು ಅವನು ಶಾಲೆಯ ಜಗಲಿಯ ಮೇಲೆ ನೆನೆದ ಬಟ್ಟೆಯಲ್ಲಿಯೇ ಮುದುರಿ ಮಲಗಿದ್ದನು. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಅತಿಥಿಪೂಜೆಯೂ ಒಂದೆಂದು ವರ್ಷವರ್ಷವೂ ಹುಡುಗರಿಗೆ ಹೇಳಿಕೊಟ್ಟವನು ನಾನು. ಪಾಠವು ನಾಲಗೆಗೆ ಬಂದಿತ್ತು, ಕೈಗೆ ಬಂದಿರಲಿಲ್ಲ.

೧೯೯೦ರಲ್ಲಿ ಜೆರೂಸಲೇಮಿನ ಯಾದ್ ವಶೇಮ್ ಸಂಸ್ಥೆಯು ಲ ಶಾಂಬೋಂ ಗ್ರಾಮಕ್ಕೂ ನೆರೆಯ ಹಳ್ಳಿಗಳಿಗೂ ಗೌರವವನ್ನಿತ್ತಿತು. ಸಾಮಾನ್ಯವಾಗಿ ವ್ಯಕ್ತಿಗಳಿಗೆ ಸಲ್ಲುವ ಆ ಮನ್ನಣೆಯು ಒಂದು ಸೀಮೆಗೇ ಸಂದುದು ಉಚಿತವೇ ಆಗಿದೆ. ಈಗಲೂ ಮಳೆಯ ರಾತ್ರಿಗಳಲ್ಲಿ ನಾನು ಒಮ್ಮೆ ಎದ್ದು, ಬಾಗಿಲಿನ ಬಳಿ ಕಿವಿಗೊಟ್ಟು ನಿಲ್ಲುತ್ತೇನೆ.